ಮೊದಲು ಕೆಲಸ, ಆಮೇಲೆ ಆತ್ಮವಿಶ್ವಾಸ



ಕಳೆದ ತಿಂಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಳು. 200 ಪುಟದ ಪುಸ್ತಕ, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಒಟ್ಟು ಏಳು ಕಥೆಗಳು. "ಮಿಸ್, ಇದು ನಿಮ್ಮ ಹತ್ರಾನೇ ಇರಲಿ. ಮನೇಲಿದ್ರೆ ಮತ್ತೆ ತೆಗೆದು ನೋಡ್ತೀನಿ. ನಾನು ಬರೆಯೋದು ಬಿಟ್ಟೆ" ಎಂದಳು.

ಯಾಕಮ್ಮ ಎಂದು ಕೇಳಿದೆ. ಮೂರು ಕಾರಣ ಕೊಟ್ಟಳು. ಒಂದು, ಮನೆಯಲ್ಲಿ ದಖ್ಖನಿ ಮಾತನಾಡುವ ತನ್ನ ಕನ್ನಡ ಕಥೆ ಬರೆಯುವಷ್ಟು ಶುದ್ಧವಾಗಿಲ್ಲ. ಎರಡು, ಪಿಸಿಎಂಬಿ ಓದುವವಳಿಗೆ ಇದಕ್ಕೆಲ್ಲ ಸಮಯವಿಲ್ಲ. ಮೂರು, ಒಂದು ಪತ್ರಿಕೆಗೆ ಕಥೆ ಕಳಿಸಿ ಎಂಟು ತಿಂಗಳಾಯಿತು, ಉತ್ತರವೇ ಇಲ್ಲ. "ನನಗೆ ಕಾನ್ಫಿಡೆನ್ಸ್ ಬಂದ ಮೇಲೆ ಮತ್ತೆ ಶುರು ಮಾಡ್ತೀನಿ ಮಿಸ್" ಎಂದೂ ಸೇರಿಸಿದಳು.

ಅವತ್ತು ಗಂಟೆ ಹೊಡೆಯಿತು, ನಾನು ತರಗತಿಗೆ ಹೋದೆ. ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ. ಬರೆಯುವವರಿಗೆ ಮಾತ್ರವಲ್ಲ, ಚಿತ್ರ ಬಿಡಿಸುವವರಿಗೆ, ನಾತ್ ಹಾಡುವವರಿಗೆ, ಮೆಹಂದಿಯಲ್ಲಿ ಹೊಸ ವಿನ್ಯಾಸ ಹುಡುಕುವವರಿಗೆ, ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರಿಗೂ ಇದು ಅನ್ವಯಿಸುತ್ತದೆ.

ಮೊದಲ ಕಾರಣ: "ನನ್ನ ಭಾಷೆ ಸರಿ ಇಲ್ಲ"

ಬಾನು ಮುಷ್ತಾಕ್ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಈ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು, ಮೊದಲ ಸಣ್ಣಕಥಾ ಸಂಕಲನವೂ ಹೌದು. ಆದರೆ ಅವರ ಶಾಲೆಯ ಮೊದಲ ದಿನಗಳ ಸಂಗತಿ ಎಷ್ಟು ಮಂದಿಗೆ ಗೊತ್ತು? ಮನೆಯಲ್ಲಿ ದಖ್ಖನಿ ಉರ್ದು ಕೇಳಿ ಬೆಳೆದ ಬಾಲಕಿಯನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನ್ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು ಎಂಬುದು ಶಾಲೆಯ ಷರತ್ತು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ಅವರು ಮುಂದೆ ಬರೆದ ಕಥೆಗಳ ಪಾತ್ರಗಳು ತಮ್ಮ ಮನೆಯ ಮಾತನ್ನೇ ಆಡುತ್ತವೆ. ಅನುವಾದ ಮಾಡಿದ ಮಡಿಕೇರಿಯ ದೀಪಾ ಭಾಸ್ತಿ ಅವರು ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಇಂಗ್ಲಿಷಿನಲ್ಲೂ ಹಾಗೆಯೇ ಉಳಿಸಿದರು. ಅಡಿಟಿಪ್ಪಣಿ ಕೊಡಲಿಲ್ಲ, ಓರೆ ಅಕ್ಷರದಲ್ಲಿ ಬೇರ್ಪಡಿಸಲೂ ಇಲ್ಲ. ನಾವು ನಾಚಿಕೊಳ್ಳುವ ಮನೆಮಾತಿನ ಪದಗಳು ಲಂಡನ್ನಿನ ತೀರ್ಪುಗಾರರವರೆಗೆ ಹೋದವು.

ಸಾರಾ ಅಬೂಬಕ್ಕರ್ ಅವರ ವಿಷಯವೂ ಹೀಗೆಯೇ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅವರು ಬರೆದದ್ದು ಕನ್ನಡದಲ್ಲಿ.

ಈಗ ನನ್ನ ವಿದ್ಯಾರ್ಥಿನಿಯ ನೋಟ್‌ಬುಕ್ಕಿಗೆ ಬರುತ್ತೇನೆ. ಅದರಲ್ಲಿ ಒಂದು ಕಥೆ ಹೀಗಿದೆ: ಜಯನಗರದ ಟೈಲರ್ ಅಂಗಡಿಯಿಂದ ಬ್ಲೌಸುಗಳನ್ನು ತಂದು ರಾತ್ರಿ ಹುಕ್ಕು ಹಾಕುವ ತಾಯಿ, ಪಕ್ಕದಲ್ಲಿ ಲೆಕ್ಕ ಬರೆದುಕೊಳ್ಳುವ ಮಗಳು. ಮೊದಲ ಪುಟದಲ್ಲಿ "ಅಮ್ಮಿ" ಎಂದು ಬರೆದು ಆಮೇಲೆ ಹೊಡೆದುಹಾಕಿ "ತಾಯಿಯವರು" ಎಂದು ತಿದ್ದಿದ್ದಾಳೆ. ಅಲ್ಲಿಂದ ಮುಂದೆ ಕಥೆಯಲ್ಲಿ ಯಾರೂ ನಿಜವಾದ ಮಾತು ಆಡುವುದಿಲ್ಲ, ಎಲ್ಲರೂ ಪಠ್ಯಪುಸ್ತಕದ ಹಾಗೆ ಮಾತನಾಡುತ್ತಾರೆ. ಕಾಗುಣಿತದ ತಪ್ಪು ಇದ್ದರೆ ನಾನು ತಿದ್ದಿಕೊಡುತ್ತೇನೆ, ಅದು ಅರ್ಧ ಗಂಟೆಯ ಕೆಲಸ. ಆದರೆ "ಅಮ್ಮಿ"ಯನ್ನು ಅಳಿಸಿದರೆ ಅವಳನ್ನು ಮರಳಿ ತರಲು ನನ್ನಿಂದ ಆಗುವುದಿಲ್ಲ.

ಎರಡನೇ ಕಾರಣ: "ಸಮಯ ಇಲ್ಲ"

ಕೆ.ಎಸ್. ನಿಸಾರ್ ಅಹಮದ್ ಅವರು ಕವಿ ಎಂದು ಎಲ್ಲರಿಗೂ ಗೊತ್ತು. ಅವರು ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಾಲೇಜುಗಳಲ್ಲಿ ಅದೇ ವಿಷಯದ ಅಧ್ಯಾಪಕರಾಗಿದ್ದವರು ಎಂಬುದನ್ನು ವಿಜ್ಞಾನ ವಿದ್ಯಾರ್ಥಿಗಳು ನೆನಪಿಡಬೇಕು. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಅವರ ಮೊದಲ ಕವನ ಸಂಕಲನ ‘ಮನಸು ಗಾಂಧಿ ಬಜಾರು’ ಪ್ರಕಟವಾದದ್ದು 1960ರಲ್ಲಿ. ಆ ಗಾಂಧಿ ಬಜಾರು ನಮ್ಮ ಕಾಲೇಜಿನಿಂದ ಒಂದು ಬಸ್ಸಿನ ದೂರದಲ್ಲಿದೆ. ನಾಡನ್ನೆಲ್ಲ ತಲುಪಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ನಡುವಿನ 18 ವರ್ಷ ಅವರು ಕಲ್ಲು, ಖನಿಜಗಳ ಪಾಠ ಮಾಡುತ್ತಲೇ ಕವಿತೆ ಬರೆದರು. ನೌಕರಿ ಬಿಟ್ಟು ಕವಿಯಾಗುತ್ತೇನೆ ಎಂದು ಕಾದವರಲ್ಲ.

ಪರೀಕ್ಷೆ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಮಾರ್ಚ್ ಬಂದಾಗ ಭೌತಶಾಸ್ತ್ರ ಓದಲೇಬೇಕು. ಆದರೆ "ಕಡಿಮೆ ಮಾಡುವುದು" ಬೇರೆ, "ಬಿಡುವುದು" ಬೇರೆ. ದಿನಕ್ಕೆ ಎರಡು ಗಂಟೆ ಬರೆಯುತ್ತಿದ್ದವಳು 15 ನಿಮಿಷಕ್ಕೆ ಇಳಿಸಲಿ. ಕಡಿಮೆಯಾದರೂ ಸರಿ, ತಪ್ಪದೆ ಮಾಡುವ ಸತ್ಕಾರ್ಯವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಆಶಯದ ಹದೀಸ್ ನಮ್ಮಲ್ಲಿ ಅನೇಕರು ಬಲ್ಲರು. ಅದು ಆರಾಧನೆಯ ಸಂದರ್ಭದ ಮಾತು. ಆದರೂ ಓದು, ಬರಹ, ಕಲೆಯ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ನಿಯಮ ನನಗೆ ಬೇರೆ ಕಂಡಿಲ್ಲ.

ಮೂರನೇ ಕಾರಣ: "ಯಾರೂ ಉತ್ತರ ಕೊಡಲಿಲ್ಲ"

ಇಲ್ಲಿ ನನ್ನ ಸ್ವಂತ ತಪ್ಪನ್ನು ಹೇಳಬೇಕು. 22ನೇ ವಯಸ್ಸಿನಲ್ಲಿ ನಾನೊಂದು ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಆಗಿನ ಪದ್ಧತಿಯಂತೆ ಸ್ವವಿಳಾಸ ಬರೆದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದೆ. ಎರಡು ತಿಂಗಳಿಗೆ ಅದೇ ಲಕೋಟೆಯಲ್ಲಿ ಕಥೆ ವಾಪಸು ಬಂತು, ಜೊತೆಗೆ ಒಂದು ಸಾಲೂ ಇರಲಿಲ್ಲ. ಲಕೋಟೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಒಂಬತ್ತು ವರ್ಷ ಏನೂ ಬರೆಯಲಿಲ್ಲ. ಆತ್ಮವಿಶ್ವಾಸ ಬಂದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಅದು ತಾನಾಗಿ ಬರಲಿಲ್ಲ.

ಮನೆ ಬದಲಾಯಿಸುವಾಗ ಆ ಲಕೋಟೆ ಮತ್ತೆ ಸಿಕ್ಕಿತು. ಪೆಟ್ಟಿಗೆಗಳ ನಡುವೆ ಕೂತು ಓದಿದೆ. ಕಥೆ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ಅದು ಶುರುವಾಗುತ್ತಿದ್ದದ್ದು ಮೂರನೇ ಪುಟದಲ್ಲಿ, ಮೊದಲ ಎರಡು ಪುಟ ಬರೀ ಪೀಠಿಕೆ. ಅವನ್ನು ತೆಗೆಯಲು ಹತ್ತು ನಿಮಿಷ ಸಾಕಾಗಿತ್ತು. ವಾಪಸು ಬಂದ ಕಥೆಯನ್ನು ನನ್ನ ಮೇಲಿನ ತೀರ್ಪು ಎಂದುಕೊಂಡೆನೇ ಹೊರತು ಒಮ್ಮೆ ತೆರೆದು ಓದಲಿಲ್ಲ. ಆ ಒಂಬತ್ತು ವರ್ಷವನ್ನು ಯಾವ ಸಂಪಾದಕರೂ ನನ್ನಿಂದ ಕಸಿದುಕೊಂಡಿರಲಿಲ್ಲ.

ಸಾರಾ ಅಬೂಬಕ್ಕರ್ ಅವರ ಬರಹ ‘ಲಂಕೇಶ್ ಪತ್ರಿಕೆ’ಯಲ್ಲಿ ಬರತೊಡಗಿದ್ದು 1981ರಲ್ಲಿ, ಅವರಿಗೆ 45 ವರ್ಷವಾಗಿದ್ದಾಗ. ಮುಂದೆ ತಮ್ಮದೇ ಚಂದ್ರಗಿರಿ ಪ್ರಕಾಶನವನ್ನೂ ಕಟ್ಟಿದರು. ಬಾನು ಮುಷ್ತಾಕ್ ಅವರ ಬೂಕರ್ ಪುಸ್ತಕದಲ್ಲಿರುವ 12 ಕಥೆಗಳು 1990ರಿಂದ 2023ರ ನಡುವೆ ಬರೆದವು, ಅಂದರೆ 33 ವರ್ಷಗಳ ಕೆಲಸ. ಪ್ರಶಸ್ತಿ ಬಂದಾಗ ಅವರಿಗೆ 77. ಆ ವರ್ಷಗಳಲ್ಲಿ ಅವರು ಹಾಸನದಲ್ಲಿ ವಕೀಲಿ ವೃತ್ತಿ ಮಾಡುತ್ತಿದ್ದರು. ಅದಕ್ಕೂ ಮುಂಚೆ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿದ್ದರು.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಜೆ.ಪಿ. ನಗರ 2ನೇ ಹಂತದ ರಂಗಶಂಕರದ ಮುಂದೆ ನಿಮ್ಮಲ್ಲಿ ಬಹಳ ಮಂದಿ ಹಾದುಹೋಗಿದ್ದೀರಿ. ನಟ, ನಿರ್ದೇಶಕ ಶಂಕರ್ ನಾಗ್ 1990ರ ಸೆಪ್ಟೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಎಲ್ಲರಿಗೂ ಕೈಗೆಟುಕುವ ರಂಗಮಂದಿರ ಬೇಕು ಎಂಬ ಅವರ ಕನಸನ್ನು ಅರುಂಧತಿ ನಾಗ್ ಮತ್ತು ಗೆಳೆಯರು ಕೈಬಿಡಲಿಲ್ಲ. ರಂಗಶಂಕರ ಬಾಗಿಲು ತೆರೆದದ್ದು 2004ರ ಅಕ್ಟೋಬರಿನಲ್ಲಿ. ನಡುವೆ 14 ವರ್ಷ ಟ್ರಸ್ಟ್, ನಿವೇಶನ, ಹಣ, ಕಟ್ಟಡ ಎಂದು ಒಂದೊಂದೇ ಕೆಲಸ ಆಯಿತು. ಅಷ್ಟೂ ವರ್ಷ ಯಾರಿಗೂ ಒಂದೇ ಸಮನೆ ಹುಮ್ಮಸ್ಸು ಇರಲು ಸಾಧ್ಯವಿಲ್ಲ. ಹುಮ್ಮಸ್ಸು ಇಲ್ಲದ ದಿನವೂ ಮುಂದಿನ ಒಂದು ಕೆಲಸ ಏನು ಎಂದು ಗೊತ್ತಿದ್ದರೆ ಕೈ ನಡೆಯುತ್ತದೆ. ಸೋಮವಾರ ಬಿಟ್ಟು ದಿನವೂ ನಾಟಕ ಎಂಬುದು ಆ ರಂಗಮಂದಿರದ ಕ್ರಮ. ಮಳೆ ಬಂದರೂ ಸಂಜೆ ಪರದೆ ಏಳಬೇಕು.

ಹಾಗಾದರೆ ಏನು ಮಾಡಬೇಕು?

ನಾನು ಪಾಲಿಸುತ್ತಿರುವ, ನಿಮಗೂ ಆಗಬಹುದಾದ ನಾಲ್ಕು ಅಭ್ಯಾಸಗಳು:

1. ಅಳತೆ ಚಿಕ್ಕದಿರಲಿ. ದಿನಕ್ಕೆ ಹತ್ತು ಸಾಲು, ಅಥವಾ ಒಂದು ರೇಖಾಚಿತ್ರ. ನಾನು ಫಜ್ರ್ ನಮಾಜಿನ ನಂತರ, ಮನೆಯವರು ಏಳುವ ಮೊದಲು ಬರೆಯುತ್ತೇನೆ. ನಿಮಗೆ ಬಸ್ಸಿನಲ್ಲಿ ಅನುಕೂಲವಾಗಬಹುದು. ಸಮಯ ಯಾವುದಾದರೂ ಸರಿ, ದಿನವೂ ಒಂದೇ ಆಗಿರಲಿ.

2. ನೋಡಿದ್ದನ್ನು ಬರೆಯಿರಿ. ವಿಷಯ ಹೊಳೆಯದ ದಿನ ಸಾರಕ್ಕಿ ಮಾರುಕಟ್ಟೆಯಲ್ಲಿ ಐದು ನಿಮಿಷ ನಿಲ್ಲಿ. ಹೂವನ್ನು ಮೊಳ ಹಾಕುವ ಕೈ, ಚೌಕಾಸಿ ಮಾಡುವವರ ಮಾತು, ಅಂಗಡಿಯವರು ಚಿಲ್ಲರೆ ಇಡುವ ಜಾಗ, ಮೂರೇ ಸಂಗತಿ ಬರೆದುಕೊಳ್ಳಿ. ಸ್ಫೂರ್ತಿಗೆ ಕಾಯುವುದಕ್ಕಿಂತ ಇದು ಸುಲಭ.

3. ಒಬ್ಬ ಓದುಗರನ್ನು ಹುಡುಕಿಕೊಳ್ಳಿ. "ಚೆನ್ನಾಗಿದೆ" ಎನ್ನುವವರು ಬೇಡ, "ಇಲ್ಲಿ ನನಗೆ ಬೇಸರವಾಯಿತು" ಎಂದು ಬೆರಳಿಟ್ಟು ತೋರಿಸುವವರು ಬೇಕು. ನನಗೆ ಅಂಥ ಒಬ್ಬ ಗೆಳತಿ ಇದ್ದಿದ್ದರೆ ಆ ಎರಡು ಪುಟ 22ರಲ್ಲೇ ಹೋಗುತ್ತಿದ್ದವು.

4. ವಾಪಸು ಬಂದದ್ದನ್ನು ಒಂದು ವಾರ ಮುಚ್ಚಿಡಿ, ಎಂಟನೇ ದಿನ ತೆರೆದು ಓದಿ. ತಿದ್ದುವುದಿದ್ದರೆ ತಿದ್ದಿ. ಇಲ್ಲದಿದ್ದರೆ ಬೇರೆ ಕಡೆ ಕಳಿಸಿ. ಉತ್ತರವೇ ಬಾರದಿದ್ದರೆ ಮೂರು ತಿಂಗಳ ನಂತರ ಒಂದು ಸೌಜನ್ಯದ ಪತ್ರ ಬರೆಯಿರಿ. ಕಾಯುತ್ತಿರುವಾಗ ಮುಂದಿನದನ್ನು ಶುರು ಮಾಡಿ.

ಇಷ್ಟನ್ನು ಕೆಲವು ತಿಂಗಳು ಮಾಡಿದ ಮೇಲೆ ನಿಮ್ಮ ಹಳೆಯ ಪುಟವನ್ನೂ ಹೊಸ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಆಗ ಹುಟ್ಟುವುದೇ ಆತ್ಮವಿಶ್ವಾಸ. ಬೇರೆಯವರ ಹೊಗಳಿಕೆಯಿಂದ ಬಂದದ್ದು ಹೊಗಳಿಕೆ ನಿಂತ ದಿನ ಹೋಗುತ್ತದೆ, ನಿಮ್ಮ ಕೆಲಸದಿಂದ ಬಂದದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು

ಕೆಲಸದ ಬಗ್ಗೆ ಬೇಸರ ಬರುವುದು ಸಹಜ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದನ್ನು ಸೋಮಾರಿತನ ಎನ್ನಬೇಡಿ. ತಾಯಿಯಾದ ಹೊಸತರಲ್ಲಿ ತೀವ್ರ ಖಿನ್ನತೆಯನ್ನು ದಾಟಿ ಬಂದದ್ದನ್ನು ಬಾನು ಮುಷ್ತಾಕ್ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಂಥ ಸಮಯದಲ್ಲಿ ಬೇಕಾದದ್ದು ಹುರಿದುಂಬಿಸುವ ಭಾಷಣವಲ್ಲ, ಸಹಾಯ. ಮನೆಯವರಿಗೆ ಅಥವಾ ನಮ್ಮಲ್ಲಿ ಯಾರಾದರೊಬ್ಬ ಉಪನ್ಯಾಸಕರಿಗೆ ತಿಳಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ, ಆ ನೋಟ್‌ಬುಕ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಈ ಲೇಖನಕ್ಕೆ ಒಪ್ಪಿಗೆ ಕೇಳಲು ಅವಳನ್ನು ಕರೆದಿದ್ದೆ. "ಬರೀರಿ ಮಿಸ್" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು "ಆ ಹುಕ್ಕಿನ ಕಥೆ ಒಂದ್ಸಲ ಕೊಡ್ತೀರಾ?" ಎಂದು ಕೇಳಿದಳು. ಅಲ್ಲೇ ಕೂತು ಎರಡು ಪುಟವನ್ನು ಬೇರೆ ಹಾಳೆಗೆ ಬರೆದುಕೊಂಡಳು. ಈ ಸಲ "ಅಮ್ಮಿ" ಎಂದೇ ಬರೆದಳು. ನೋಟ್‌ಬುಕ್ ವಾಪಸು ಕೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಮುಂದಿನ ವಾರದಿಂದ ಪ್ರತಿ ಗುರುವಾರ ತರಗತಿಗಳು ಮುಗಿದ ಮೇಲೆ ನಾನು ಅರ್ಧ ಗಂಟೆ ಗ್ರಂಥಾಲಯದಲ್ಲಿರುತ್ತೇನೆ, ಇನ್‌ಶಾ ಅಲ್ಲಾಹ್. ಒಂದು ಪುಟ ತನ್ನಿ, ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಚಿತ್ರವಾದರೂ ಆಗಬಹುದು. ಬೋಧಕ ಸಿಬ್ಬಂದಿಯಲ್ಲೂ ಟ್ರಂಕಿನ ತಳದಲ್ಲಿ ಲಕೋಟೆ ಇಟ್ಟುಕೊಂಡವರು ಇರಬಹುದು, ಅವರಿಗೂ ಸ್ವಾಗತ. ನಾನೂ ನನ್ನ ಒಂದು ಪುಟ ತರುತ್ತೇನೆ. ಎಲ್ಲಿ ಬೇಸರವಾಯಿತು ಎಂದು ನೀವು ಹೇಳಬೇಕು.