ಓಡುವ ಎಂಜಿನ್ನಿನಲ್ಲಿ ನಿಂತ ಗೆರೆ: ಹಳೆಯ ಯೆಜ್ಡಿಯ ಟೈಮಿಂಗ್ ಕುರಿತ ಒಂದು ಪಾಠ

ಹತ್ತನೇ ತರಗತಿಯ ವಿದ್ಯುತ್ ಘಟಕ ಮುಗಿದ ಮೇಲೆ ಅದರ ಅನ್ವಯವಾಗಿ ಎರಡು ಅವಧಿಗಳ ಪಾಠವೊಂದನ್ನು ಯೋಜಿಸಿದೆ. ಆರಿಸಿಕೊಂಡ ವಿಷಯ ಹಳೆಯ ಮೋಟಾರ್‌ಸೈಕಲ್ಲಿನ ಇಗ್ನಿಷನ್ ಟೈಮಿಂಗ್. ರಜೆಯಲ್ಲಿ ಗ್ಯಾರೇಜಿಗೆ ಹೋಗುವ ಹುಡುಗರು ತರಗತಿಯಲ್ಲಿದ್ದರು. ‘ಟೈಮಿಂಗ್ ಔಟ್ ಆಗಿದೆ’ ಎಂಬ ಮಾತು ಅವರ ಬಾಯಲ್ಲಿತ್ತು. ಯಾವುದರ ಟೈಮು ಎಂದು ಕೇಳಿದರೆ ಮಾತ್ರ ಉತ್ತರ ಬರುತ್ತಿರಲಿಲ್ಲ.

ಗಾಡಿಯ ಆಯ್ಕೆಯ ಬಗ್ಗೆ ಒಂದು ಮಾತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳು, ಮೊದಲು ಜಾವಾ, ಆಮೇಲೆ ಯೆಜ್ಡಿ, ನಮ್ಮ ಕಡೆ ಇನ್ನೂ ಓಡಾಡುತ್ತಿವೆ. ಊರಿನ ಮೆಕ್ಯಾನಿಕ್ ಒಬ್ಬರು ತಮ್ಮ 250 ಸಿಸಿ ಯೆಜ್ಡಿಯನ್ನೂ ಟೈಮಿಂಗ್ ಲೈಟನ್ನೂ ಶಾಲೆಗೆ ತಂದರು. ಇದು ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಕಿಡಿ. ಬಲಬದಿಯ ಮುಚ್ಚಳ ತೆಗೆದರೆ ಆರ್ಮೇಚರ್, ಕ್ಯಾಮ್, ಪಾಯಿಂಟ್ ಎಲ್ಲವೂ ಕಣ್ಣಿಗೆ ಕಾಣುತ್ತವೆ. ವೇಗ ಹೆಚ್ಚಿದಾಗ ಕಿಡಿಯನ್ನು ಮುಂಚಿತಗೊಳಿಸುವ ಯಾಂತ್ರಿಕ ಏರ್ಪಾಡು ಇದರಲ್ಲಿಲ್ಲ. ಪಾಠಕ್ಕೆ ಬಹಳ ಅನುಕೂಲವಾದದ್ದು ಈ ಕೊನೆಯ ಅಂಶ.

ಮೊದಲ ಅವಧಿ ತರಗತಿಯೊಳಗೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಲೇ ಉರಿಯುವುದಿಲ್ಲ, ಬೆಂಕಿ ಹರಡಲು ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ಎಷ್ಟು ಮುಂಚೆ? ಕೈಪಿಡಿಗಳು ಇದನ್ನು ಪಿಸ್ಟನ್ ತುದಿಯಿಂದ ಇಷ್ಟು ಮಿಲಿಮೀಟರ್ ಕೆಳಗೆ ಎಂದು ಹೇಳುತ್ತವೆ. ಲೆಕ್ಕಕ್ಕೆ ಸುಲಭವಾಗಲೆಂದು 3 ಮಿ.ಮೀ. ಎಂದು ಇಟ್ಟುಕೊಂಡೆವು. ನಿಜವಾಗಿ ಗಾಡಿ ರಿಪೇರಿ ಮಾಡುವವರು ಅದರ ಕೈಪಿಡಿಯ ಅಳತೆಯನ್ನೇ ನೋಡಬೇಕು.

ಈ ಎಂಜಿನ್ನಿನಲ್ಲಿ ಪಿಸ್ಟನ್ ಒಟ್ಟು 75 ಮಿ.ಮೀ. ಚಲಿಸುತ್ತದೆ, ಅಂದರೆ ಕ್ರ್ಯಾಂಕಿನ ತ್ರಿಜ್ಯ 37.5 ಮಿ.ಮೀ. ಅಷ್ಟೇ ತ್ರಿಜ್ಯದ ವೃತ್ತವನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದರು. ಅದರ ತುದಿಯಿಂದ 3 ಮಿ.ಮೀ. ಕೆಳಗೆ ಅಡ್ಡಗೆರೆ ಎಳೆದು, ಅದು ವೃತ್ತವನ್ನು ಕತ್ತರಿಸುವ ಬಿಂದುವನ್ನು ಕೇಂದ್ರಕ್ಕೆ ಸೇರಿಸಿ ಕೋನಮಾಪಕ ಇಟ್ಟರು. ಸುಮಾರು 23 ಡಿಗ್ರಿ ಬಂತು. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ನಿಜವಾದ ಕೋನ ಇದಕ್ಕಿಂತ ಸ್ವಲ್ಪ ಕಡಿಮೆ ಎಂದು ತಿಳಿಸಿ ಮುಂದೆ ಹೋದೆ. ಮತ್ತೆ 1 ಮಿ.ಮೀ.ಗೆ ಅಳೆಯಿರಿ ಎಂದಾಗ 13 ಡಿಗ್ರಿ ಬಂತು. ತರಗತಿ ಎಚ್ಚೆತ್ತದ್ದು ಆಗಲೇ. ಮೊದಲ ಒಂದು ಮಿಲಿಮೀಟರಿಗೆ 13 ಡಿಗ್ರಿ, ಮುಂದಿನ ಎರಡು ಮಿಲಿಮೀಟರಿಗೆ ಬರೀ 10! ತುದಿಯ ಹತ್ತಿರ ಕ್ರ್ಯಾಂಕ್ ಎಷ್ಟೋ ತಿರುಗಿದರೂ ಪಿಸ್ಟನ್ ಹೆಚ್ಚು ಅಲುಗುವುದಿಲ್ಲ. ಪ್ಲಗ್ ರಂಧ್ರದಲ್ಲಿ ಕಡ್ಡಿ ಹಾಕಿ ಕಣ್ಣಂದಾಜಿನಲ್ಲಿ ತುದಿ ಹುಡುಕುವುದನ್ನು ಏಕೆ ನಂಬಬಾರದು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಎರಡನೇ ಅವಧಿ ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ. ಹೊಗೆಯ ಕಾರಣ ಎಂಜಿನ್ನು ಹೊರಗೇ ಇರಬೇಕು, ಆದರೆ ಬಿಸಿಲಿನಲ್ಲಿ ಲೈಟಿನ ಮಿಂಚು ಕಾಣಿಸದು. ಇದನ್ನು ಮಾಡಬಯಸುವವರು ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ಎಂಜಿನ್ ನಿಂತಿರುವಾಗಲೇ ಮೊದಲ ಹೊಂದಾಣಿಕೆ. ಫೀಲರ್ ಗೇಜಿನಿಂದ ಪಾಯಿಂಟಿನ ಗ್ಯಾಪ್ ಸರಿಮಾಡಿದ ಮೇಲೆಯೇ ಟೈಮಿಂಗ್. ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಹಾಗಾಗಿ ಕ್ರಮ ತಲೆಕೆಳಗಾದರೆ ಎರಡು ಸಲ ಕೆಲಸ. ಆಮೇಲೆ ಪಿಸ್ಟನ್ನನ್ನು ಕಿಡಿ ಹಾರಬೇಕಾದ ಎತ್ತರಕ್ಕೆ ತಂದು, ಆರ್ಮೇಚರಿನ ಮೇಲೆ ಬಿಳಿ ಬಣ್ಣದ ಗೆರೆ, ಅದರ ಎದುರಿಗೆ ಕದಲದ ಭಾಗದ ಮೇಲೆ ಇನ್ನೊಂದು ಗೆರೆ. ಪಾಯಿಂಟಿಗೆ ಸಮಾಂತರವಾಗಿ 6 ವೋಲ್ಟಿನ ಬಲ್ಬು. ಪಾಯಿಂಟ್ ಮುಚ್ಚಿದಾಗ ಬಲ್ಬು ಉರಿಯುತ್ತದೆ ಎಂದೇ ಬಹುಪಾಲು ಮಕ್ಕಳು ಊಹಿಸಿದ್ದರು. ಆದದ್ದು ತಿರುಗುಮುರುಗು. ಮುಚ್ಚಿದ ಪಾಯಿಂಟಿನ ರೋಧ ಶೂನ್ಯಕ್ಕೆ ಹತ್ತಿರವಾದ್ದರಿಂದ ವಿದ್ಯುತ್ತು ಬಲ್ಬನ್ನು ಬಿಟ್ಟು ಅಲ್ಲಿಂದಲೇ ಹರಿದುಹೋಗುತ್ತದೆ, ತೆರೆದಾಗ ಬಲ್ಬು ಹೊತ್ತುತ್ತದೆ. ಸಮಾಂತರ ಜೋಡಣೆಯನ್ನು ಸೂತ್ರದಲ್ಲಿ ಕಲಿತಿದ್ದವರಿಗೆ ಅದು ಅರ್ಥವಾದದ್ದು ಇಲ್ಲಿ. ನನ್ನ ಮಟ್ಟಿಗೆ ಟೈಮಿಂಗ್ ಲೈಟಿಗಿಂತ ಈ ಹತ್ತು ರೂಪಾಯಿಯ ಬಲ್ಬೇ ಒಳ್ಳೆಯ ಬೋಧನೋಪಕರಣ.

“ಬಲ್ಬು ನಿಂತ ಗಾಡಿಗೆ ಮೇಡಂ, ಲೈಟು ಓಡೋ ಗಾಡಿಗೆ” ಎಂದರು ಮೆಕ್ಯಾನಿಕ್. ಬೇರೊಂದು 12 ವೋಲ್ಟಿನ ಬ್ಯಾಟರಿಯಿಂದ ಲೈಟಿಗೆ ವಿದ್ಯುತ್ತು ಕೊಟ್ಟು, ಅದರ ಕ್ಲಿಪ್ಪನ್ನು ಪ್ಲಗ್ ವೈರಿನ ಸುತ್ತ ಹಾಕಿ ಗಾಡಿ ಸ್ಟಾರ್ಟ್ ಮಾಡಿದರು. ಮಿಂಚು ಬಿದ್ದೊಡನೆ ಗರಗರ ತಿರುಗುತ್ತಿದ್ದ ಆರ್ಮೇಚರಿನ ಬಿಳಿ ಗೆರೆ ನಿಂತಂತೆ ಕಂಡಿತು. ಮಕ್ಕಳು ಚಪ್ಪಾಳೆ ಹೊಡೆದರು. ಬೋಧಕರಿಗೆ ಅಪಾಯದ ಗಳಿಗೆ ಇದೇ ಎಂದು ನನ್ನ ಅನಿಸಿಕೆ. ಬೆರಗಾದ ಮಕ್ಕಳಿಗೆ ವಿಷಯ ಅರ್ಥವಾಗಿದೆ ಎಂದು ನಾವು ಬಹು ಬೇಗ ನಂಬಿಬಿಡುತ್ತೇವೆ.

ಆದ್ದರಿಂದ ಕಾರಣ ಹೇಳುವ ಮುಂಚೆ ಒಂದು ಪ್ರಶ್ನೆ ಹಾಕಿದೆ: ಆಕ್ಸಿಲರೇಟರ್ ಕೊಟ್ಟರೆ ಗೆರೆ ಏನಾಗುತ್ತದೆ? ಉತ್ತರ ಬರೆದಿಡಿ. ಹೆಚ್ಚಿನವರು ‘ಮತ್ತೆ ತಿರುಗತೊಡಗುತ್ತದೆ’ ಎಂದು ಬರೆದರು. ಸಿನಿಮಾದಲ್ಲಿ ಗಾಡಿಯ ಚಕ್ರ ನಿಂತಂತೆಯೋ ಹಿಂದಕ್ಕೆ ತಿರುಗಿದಂತೆಯೋ ಕಾಣುವುದು ಅವರ ಪೂರ್ವಜ್ಞಾನ. ಅಲ್ಲಿ ಕ್ಯಾಮೆರಾ ತನ್ನ ಪಾಡಿಗೆ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಚಕ್ರದ ವೇಗ ಅದಕ್ಕೆ ಹೊಂದಿದಾಗ ಮಾತ್ರ ನಿಂತಂತೆ ಕಾಣುತ್ತದೆ. ಆದರೆ ವೇಗ ಏರಿದರೂ ನಮ್ಮ ಗೆರೆ ಅಲ್ಲೇ ನಿಂತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕ್ಲಿಪ್ ಎಲ್ಲಿದೆ ನೋಡಿ ಎಂದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಹೇಳಿದಳು: “ಮಿಸ್, ಲೈಟಿಗೆ ತನ್ನದೇ ಟೈಮಿಲ್ಲ. ಕಿಡಿ ಬಂದಾಗಲೇ ಅದು ಹೊತ್ತೋದು.” ಕಿಡಿ ಹಾರಿದ ಕ್ಷಣದಲ್ಲಿ ಕ್ರ್ಯಾಂಕ್ ಎಲ್ಲಿತ್ತೋ ಅದನ್ನಷ್ಟೇ ಲೈಟು ತೋರಿಸುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ತೋರಿಸುವುದರಿಂದ ನಿಂತಂತೆ ಕಾಣುತ್ತದೆ.

ಇಷ್ಟು ತಿಳಿದರೆ ಮುಂದಿನದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಆರ್ಮೇಚರಿನ ಗೆರೆ ಕದಲದ ಗೆರೆಗೆ ಬರುವ ಮುನ್ನವೇ ಕಂಡರೆ ಕಿಡಿ ಬೇಗ ಹಾರುತ್ತಿದೆ. ಎಂಜಿನ್ ಆರಿಸಿ ಪಾಯಿಂಟಿನ ತಟ್ಟೆಯನ್ನು ತಿರುಗುವ ದಿಕ್ಕಿನಲ್ಲೇ ಕೊಂಚ ಸರಿಸಬೇಕು. ದಾಟಿದ ಮೇಲೆ ಕಂಡರೆ ತಡವಾಗಿದೆ, ಎದುರು ದಿಕ್ಕಿಗೆ ಸರಿಸಬೇಕು. ಬೇಗವಾದರೆ ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುತ್ತದೆ, ಪಿಸ್ಟನ್ ವಿಪರೀತ ಕಾಯುತ್ತದೆ. ತಡವಾದರೆ ಎಳೆತ ಕಡಿಮೆ. ನಮ್ಮ ಗೆರೆ ಸ್ವಲ್ಪ ನಡುಗುತ್ತಲೂ ಇತ್ತು. ಸವೆದ ಬೇರಿಂಗು, ಸಡಿಲ ಪಾಯಿಂಟು ಇದ್ದರೆ ಕಿಡಿಯ ಜಾಗ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ನಿಂತ ಗಾಡಿಯ ಬಲ್ಬು ಇದನ್ನು ಎಂದೂ ತೋರಿಸದು.

ಸುರಕ್ಷತೆಯ ವಿಷಯದಲ್ಲಿ ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆ ನೋಡುವಾಗಲೇ ಎರಡು ಷರತ್ತು ಹಾಕಿದ್ದರು. ಎರಡೂ ಸರಿಯಾದವು. ಒಂದು, ನಿಂತಂತೆ ಕಾಣುವ ಲೋಹ ನಿಂತಿರುವುದಿಲ್ಲ, ಬೆರಳಿಡಬೇಕೆನಿಸುವುದೂ ಅದಕ್ಕೇ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಅದರಾಚೆ ಮಕ್ಕಳನ್ನು ನಿಲ್ಲಿಸಿದ್ದೆವು. ದುಪಟ್ಟಾ, ಜಡೆ, ಸಡಿಲ ತೋಳು ಎಲ್ಲವನ್ನೂ ಮೊದಲೇ ನೋಡಿದ್ದೆವು. ಎರಡು, ನಿಮಿಷಕ್ಕೆ 1200 ಸುತ್ತಿನಲ್ಲಿ ಈ ಲೈಟು ಸೆಕೆಂಡಿಗೆ 20 ಬಾರಿ ಮಿನುಗುತ್ತದೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಮಕ್ಕಳಿಗೆ ಸೆಕೆಂಡಿಗೆ 15ರಿಂದ 25ರ ಮಿನುಗು ಬಹಳ ಅಪಾಯಕಾರಿ. ಹಿಂದಿನ ದಿನ ತರಗತಿ ಶಿಕ್ಷಕಿಯ ಮೂಲಕ ಪಾಲಕರನ್ನು ಗುಟ್ಟಾಗಿ ವಿಚಾರಿಸಿದ್ದೆವು. ಒಂದು ಮಗುವಿಗೆ ಸೈಕಲ್ ಸ್ಟ್ಯಾಂಡಿನ ಕೆಲಸದ ಬದಲು ಒಳಗೆ ಬಲ್ಬಿನ ಮಂಡಲ ಜೋಡಿಸುವ ಕೆಲಸ ಕೊಟ್ಟೆವು, ಜೊತೆಗೆ ಇನ್ನಿಬ್ಬರನ್ನೂ ಕೂರಿಸಿದೆವು, ಒಂಟಿ ಅನಿಸಬಾರದಲ್ಲ.

ಮೌಲ್ಯಮಾಪನದ ಪ್ರಶ್ನೆ ಹೀಗಿತ್ತು: ನಿಮಿಷಕ್ಕೆ 3000 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಎಷ್ಟು ಹೊತ್ತು? ಸೆಕೆಂಡಿಗೆ 50 ಸುತ್ತು, 18,000 ಡಿಗ್ರಿ, ಹಾಗಾದರೆ ಒಂದು ಸೆಕೆಂಡಿನ 18,000ದಲ್ಲಿ ಒಂದು ಪಾಲು. ಲೆಕ್ಕ ಮುಗಿಸಿದ ಗ್ಯಾರೇಜಿನ ಹುಡುಗನೊಬ್ಬ ಕೇಳಿದ: ಬೆಂಕಿ ಹರಡಲು ಬೇಕಾದ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇದ್ದರೆ, ವೇಗ ಹೆಚ್ಚಿದಾಗ ಕಿಡಿ ಇನ್ನೂ ಬೇಗ ಹಾರಬೇಡವೇ? ಬೇಕು. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ಏರ್ಪಾಡುಳ್ಳ ಎಂಜಿನ್ನುಗಳಲ್ಲಿ ಆಕ್ಸಿಲರೇಟರ್ ಕೊಟ್ಟೊಡನೆ ಗೆರೆ ಸರಿಯುತ್ತದೆ. ಮುಂದಿನ ಪಾಠಕ್ಕೆ ಅಂಥದ್ದೊಂದು ಗಾಡಿ ತರುವುದಾಗಿ ಮೆಕ್ಯಾನಿಕ್ ಒಪ್ಪಿದ್ದಾರೆ.