ಹೆಣೆದ ಬಟ್ಟೆ ಹಿಗ್ಗುವುದೇಕೆ?

ಕಳೆದ ಚಳಿಗಾಲದಲ್ಲಿ ನಮ್ಮ ತಾಯಿಯವರು ಮೊಮ್ಮಗಳಿಗಾಗಿ ಒಂದು ಉಣ್ಣೆಯ ಹೊದಿಕೆಯನ್ನು ಹೆಣೆಯಲು ತೊಡಗಿದರು. 15 ಸೆಂಟಿಮೀಟರಿನ ಚೌಕಗಳನ್ನು ಬಿಡಿಬಿಡಿಯಾಗಿ ಹೆಣೆದು, ಕೊನೆಯಲ್ಲಿ ಒಂದಕ್ಕೊಂದು ಹೊಲಿದು ಕೂಡಿಸಬೇಕೆಂಬುದು ಅವರ ಯೋಜನೆ. ನೋಟಕ್ಕೆ ಚೆನ್ನಾಗಿರಲೆಂದು ಮೂರು ಬಗೆಯ ಹೆಣಿಗೆಗಳನ್ನು ಆರಿಸಿಕೊಂಡಿದ್ದರು. ಮೂರಕ್ಕೂ ಒಂದೇ ಉಂಡೆಯ ನೂಲು, ಅದೇ ಜೊತೆ ಕಡ್ಡಿ. ಪ್ರತಿಯೊಂದರಲ್ಲೂ 30 ಕುಣಿಕೆ, 40 ಸಾಲು. ಆದರೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದರ ಅಳತೆ ಇನ್ನೊಂದಕ್ಕೆ ಹೊಂದಲಿಲ್ಲ. ಮೊದಲನೆಯದು ಸುಮಾರಾಗಿ ಚೌಕವೇ ಆಗಿದ್ದರೂ ಅದರ ಅಂಚುಗಳು ಸುರುಳಿ ಸುತ್ತಿಕೊಂಡಿದ್ದವು. ಎರಡನೆಯದು ಚಪ್ಪಟೆಯಾಗಿ ಕೂತಿತ್ತು, ಆದರೆ ಎತ್ತರದಲ್ಲಿ ಮೂರರಲ್ಲಿ ಒಂದು ಪಾಲು ಕುಳ್ಳು. ಮೂರನೆಯದಂತೂ ಅಗಲದಲ್ಲಿ ಸೊರಗಿ ಒಂದು ಪಟ್ಟಿಯಂತಾಗಿತ್ತು.

"ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡ್ತೀಯಲ್ಲ, ಇದು ಯಾಕೆ ಹೀಗಾಯ್ತು ಹೇಳು ನೋಡೋಣ" ಎಂದರು.

ನಾವು ಉತ್ತರಪತ್ರಿಕೆಗಳಿಂದ ತಲೆಯೆತ್ತದೆಯೇ, "ಕೈ ಬಿಗಿಯಾಗಿರಬೇಕಮ್ಮ" ಎಂದುಬಿಟ್ಟೆವು. ಐವತ್ತು ವರ್ಷ ಹೆಣೆದ ಕೈಗೆ ಆಡಬಾರದ ಮಾತು ಅದು. ಅವರು ಮರುಮಾತಾಡದೆ ಮೂರನೆಯ ತುಂಡನ್ನು ಬಿಚ್ಚಿ, ನಮ್ಮೆದುರಿಗೇ ಕುಳಿತು ಮತ್ತೆ ಹೆಣೆದರು. ಮತ್ತೆ ಅದೇ ಪಟ್ಟಿ. ಆಗ ನಾವು, ಉಣ್ಣೆಗೆ ಸ್ಥಿತಿಸ್ಥಾಪಕ ಗುಣವಿದೆ, ಅದು ಹಿಗ್ಗಿ ಕುಗ್ಗುತ್ತದೆ, ಎಂಬ ಎರಡನೆಯ ಉತ್ತರವನ್ನು ಕೊಟ್ಟೆವು. ಅದೂ ನಿಲ್ಲಲಿಲ್ಲ. ಮೂರು ತುಂಡುಗಳ ಉಣ್ಣೆಯೂ ಒಂದೇ ಆಗಿರುವಾಗ, ಅವುಗಳ ಭೇದಕ್ಕೆ ಉಣ್ಣೆ ಹೇಗೆ ಕಾರಣವಾದೀತು? ಉತ್ತರಪತ್ರಿಕೆಯಲ್ಲಿ ಇಂಥ ತರ್ಕವನ್ನು ಕಂಡಿದ್ದರೆ ನಾವೇ ಸೊನ್ನೆ ಹಾಕುತ್ತಿದ್ದೆವು. ಮುಂದಿನ ಕೆಲವು ವಾರ ನಾವು ಓದಿ, ಅಳೆದು, ಬಿಚ್ಚಿ ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸವನ್ನು ನೋಡೋಣ. ಚಳ್ಳಕೆರೆಯ ಕಡೆಯ ಕಂಬಳಿ ಉಣ್ಣೆಯದೇ. ಆದರೆ ಅದು ಮಗ್ಗದಲ್ಲಿ ನೇಯ್ದದ್ದು. ಹಾಸಿನ ಎಳೆಗಳು ಉದ್ದಕ್ಕೂ ಹೊಕ್ಕಿನ ಎಳೆಗಳು ಅಡ್ಡಕ್ಕೂ ಹೆಚ್ಚು ಕಡಮೆ ನೇರವಾಗಿಯೇ ಓಡುತ್ತವೆ. ಅದನ್ನು ಎಳೆದರೆ ನಾವು ಎಳೆಯುವುದು ನೂಲನ್ನೇ; ಆದುದರಿಂದ ಅದು ಬಹಳ ಹಿಗ್ಗುವುದಿಲ್ಲ. ಬನಿಯನ್ ಹತ್ತಿಯದು. ಹತ್ತಿಯ ನೂಲು ಉಣ್ಣೆಯಷ್ಟು ಹಿಗ್ಗುವಂಥದಲ್ಲ. ಆದರೂ ಬನಿಯನ್ನು ತಲೆಯ ಮೇಲಿಂದ ಇಳಿದು ಮೈಗೆ ಅಂಟಿ ಕೂರುತ್ತದೆ. ಏಕೆಂದರೆ ಅದು ಯಂತ್ರದಲ್ಲಿ ಹೆಣೆದ ಬಟ್ಟೆ. ಹಿಗ್ಗುವ ಗುಣ ನೂಲಿಗಿಂತ ಹೆಚ್ಚಾಗಿ ನೂಲು ಹಿಡಿದ ದಾರಿಯಲ್ಲಿದೆ ಎಂಬುದಕ್ಕೆ ಈ ಒಂದು ಬನಿಯನ್ನೇ ಸಾಕ್ಷಿ.

ವಾಚಕರು ಒಂದು ಹಳೆಯ ಬನಿಯನ್ನನ್ನೂ ಒಂದು ಭೂತಗನ್ನಡಿಯನ್ನೂ ತೆಗೆದುಕೊಂಡು ಕುಳಿತರೆ ಉಳಿದ ಮಾತು ಸುಲಭವಾಗುತ್ತದೆ. ಬಟ್ಟೆಯ ಮುಮ್ಮುಖದಲ್ಲಿ ಜಡೆಯಂತೆ ಒಂದರ ಮೇಲೊಂದು ನಿಂತ 'ವಿ' ಆಕಾರದ ಸಾಲುಗಳು ಕಾಣುತ್ತವೆ. ಹಿಮ್ಮುಖದಲ್ಲಿ ಬಿಲ್ಲಿನಂತೆ ಬಾಗಿದ ಅಡ್ಡ ಗೆರೆಗಳು. ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಹಾವಿನಂತೆ ಬಳುಕುತ್ತ ಸಾಲಾಗಿ ಕುಣಿಕೆಗಳನ್ನು ಕಟ್ಟುತ್ತದೆ. ಮೇಲಿನ ಸಾಲಿನ ಪ್ರತಿ ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ಹಾದು ಬಂದಿರುತ್ತದೆ. ಒಂದು ಕುಣಿಕೆ ಕಡಿದರೆ ಕೆಳಗಿನದಕ್ಕೆ ಆಸರೆ ತಪ್ಪಿ, ಏಣಿಯ ಮೆಟ್ಟಿಲುಗಳಂತೆ ಇಡೀ ನಿಲುಸಾಲು ಬಿಚ್ಚಿಹೋಗುವುದು ಇದರಿಂದಲೇ.

ಕೈಯಿಂದ ಹೆಣೆದ ತುಂಡಿನಿಂದ ಒಂದು ಸಾಲನ್ನು ಬಿಚ್ಚಿ ನೂಲನ್ನು ನೇರವಾಗಿ ಹಿಡಿದು ನೋಡಿ. ಅದರ ಉದ್ದ ತುಂಡಿನ ಅಗಲದ ಸುಮಾರು ಮೂರರಷ್ಟಿರುತ್ತದೆ. ಅಷ್ಟು ನೂಲು ಬಾಗುಗಳಲ್ಲಿ ಅಡಗಿ ಕುಳಿತಿತ್ತು. ಬಟ್ಟೆಯನ್ನು ಅಡ್ಡಕ್ಕೆ ಎಳೆದಾಗ ಕುಣಿಕೆಯ ಎರಡು ಕಾಲುಗಳಲ್ಲಿದ್ದ ನೂಲು ಜಾರಿ ಅದರ ತಲೆಗೂ ಬುಡಕ್ಕೂ ಹೋಗುತ್ತದೆ. ಕುಣಿಕೆ ಅಗಲವಾಗುತ್ತದೆ, ಗಿಡ್ಡವೂ ಆಗುತ್ತದೆ. ಉದ್ದಕ್ಕೆ ಎಳೆದರೆ ಇದಕ್ಕೆ ವಿಪರ್ಯಯ. ಒಂದು ಕುಣಿಕೆಯಲ್ಲಿರುವ ನೂಲಿನ ಉದ್ದ ಎರಡು ಸಂದರ್ಭಗಳಲ್ಲೂ ಬಹುಮಟ್ಟಿಗೆ ಮಾರ್ಪಡುವುದಿಲ್ಲ. ಮಾರ್ಪಡುವುದು ಅದರ ಬಾಗು. ಎಳೆತವನ್ನು ಬಿಟ್ಟಾಗ ಬಾಗಿದ ನೂಲು ತನ್ನ ಮೊದಲಿನ ಸಮತೋಲಕ್ಕೆ ಮರಳಲು ಯತ್ನಿಸುತ್ತದೆ. ಸುರುಳಿಕಂಬಿಯ ತಕ್ಕಡಿಯಲ್ಲಿ ಉಕ್ಕು ತಾನೇ ಅಷ್ಟು ಉದ್ದವಾಗುವುದಿಲ್ಲ, ಸುರುಳಿ ತೆರೆದುಕೊಳ್ಳುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಇಲ್ಲಿಯೂ ಹಾಗೆಯೇ ಎನ್ನಬಹುದು.

ನೂಲು ಇಷ್ಟು ಸುಲಭವಾಗಿ ಬಾಗುವುದಾದರೂ ಹೇಗೆ? ದುಂಡನೆಯ ದಂಡವೊಂದು ಬಾಗುವಿಕೆಗೆ ಒಡ್ಡುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಒಂದು ದಂಡದ ದ್ರವ್ಯವನ್ನು ಅಷ್ಟೇ ಉದ್ದದ 100 ತೆಳು ಎಳೆಗಳಿಗೆ ಹಂಚಿದೆವೆನ್ನಿ. ಪ್ರತಿ ಎಳೆಯ ತ್ರಿಜ್ಯ ಮೊದಲಿನದರ ಹತ್ತನೆಯ ಒಂದು ಪಾಲು. ಅದರ ತಡೆ ಹತ್ತು ಸಾವಿರದ ಒಂದು ಪಾಲು. ಅಂಥ ನೂರು ಎಳೆಗಳು ಒಂದರ ಮೇಲೊಂದು ಸಲೀಸಾಗಿ ಜಾರುವಂತಿದ್ದರೆ ಒಟ್ಟು ತಡೆ ನೂರರಲ್ಲಿ ಒಂದು ಪಾಲು ಮಾತ್ರ. ನೂಲೆಂದರೆ ಇಂಥ ಎಳೆಗಳ ಕಟ್ಟು. ನಯವಾದ ಮೆರಿನೊ ಉಣ್ಣೆಯ ಎಳೆಯ ವ್ಯಾಸ ಸುಮಾರು 20 ಮೈಕ್ರೊಮೀಟರ್. ನೂಲಿನಷ್ಟೇ ದಪ್ಪದ ಒಂಟಿ ತಂತಿಯಿಂದ ಹೆಣೆಯಲು ಹೋದರೆ ಕುಣಿಕೆಯ ಬದಲು ಬೆರಳು ನೋಯುತ್ತದೆ.

ಇನ್ನು ಮೂರು ಚೌಕಗಳ ವಿಚಾರ. ಹೆಣಿಗೆಯಲ್ಲಿ ಮೂಲವಾಗಿ ಇರುವುದು ಎರಡೇ ಕ್ರಿಯೆ: ನೂಲನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯುವ ನಿಟ್, ಹಿಂದಕ್ಕೆ ತಳ್ಳುವ ಪರ್ಲ್. ವಾಸ್ತವವಾಗಿ ಇವೆರಡೂ ಒಂದೇ. ಮುಂದಿನಿಂದ ನಿಟ್ ಎಂದು ಕಾಣುವುದು ಬಟ್ಟೆಯನ್ನು ತಿರುಗಿಸಿದರೆ ಪರ್ಲ್. ತಾಯಿಯವರ ಮೊದಲ ಚೌಕದಲ್ಲಿ ಒಂದು ಮುಖದ ತುಂಬ ನಿಟ್ ಮಾತ್ರ ಇತ್ತು. ಇದೇ ಬನಿಯನ್ನಿನ ಹೆಣಿಗೆ. ಸ್ಟಾಕಿಂಗ್ ಹೆಣಿಗೆ ಎನ್ನುತ್ತಾರೆ. ಇದರಲ್ಲಿ ಎಲ್ಲ ಕುಣಿಕೆಗಳೂ ಒಂದೇ ದಿಕ್ಕಿಗೆ ಬಾಗಿರುವುದರಿಂದ, ನೇರವಾಗಬೇಕೆಂಬ ಪ್ರತಿ ಕುಣಿಕೆಯ ಸಣ್ಣ ಒತ್ತಾಯಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪಕ್ಕದ ಅಂಚುಗಳು ಹಿಂದಕ್ಕೂ ಮೇಲಿನ ಕೆಳಗಿನ ಅಂಚುಗಳು ಮುಂದಕ್ಕೂ ಸುತ್ತಿಕೊಳ್ಳುತ್ತವೆ.

ಎರಡನೆಯದು ಗಾರ್ಟರ್ ಹೆಣಿಗೆ: ಒಂದು ಸಾಲು ನಿಟ್, ಒಂದು ಸಾಲು ಪರ್ಲ್. (ಹೆಣೆಯುವವರು ಇದನ್ನು ಪ್ರತಿ ಸಾಲಿನಲ್ಲೂ ನಿಟ್ ಮಾಡಿಯೇ ಪಡೆಯುತ್ತಾರೆ, ಸಾಲು ಮುಗಿದೊಡನೆ ಬಟ್ಟೆಯನ್ನು ತಿರುಗಿಸುವುದರಿಂದ ಪರ್ಲ್ ತಾನಾಗಿ ಬರುತ್ತದೆ.) ಒಂದು ಸಾಲು ಮುಂದಕ್ಕೆ ಸುತ್ತಲು ನೋಡಿದರೆ ಮುಂದಿನ ಸಾಲು ಹಿಂದಕ್ಕೆ. ಪರಿಣಾಮವಾಗಿ ಬಟ್ಟೆ ಸುತ್ತಿಕೊಳ್ಳದೆ, ಅಡ್ಡಡ್ಡವಾದ ಸಣ್ಣ ಅಲೆಗಳಾಗಿ ಮಡಿಸಿಕೊಳ್ಳುತ್ತದೆ. ಎತ್ತರ ಕುಗ್ಗಿದ್ದು ಈ ಮಡಿಕೆಗಳಿಂದ. ಉದ್ದಕ್ಕೆ ಎಳೆದರೆ ಮೊದಲು ಮಡಿಕೆ ಬಿಚ್ಚುತ್ತದೆ, ಆದುದರಿಂದ ಬಹಳ ಮೆತ್ತಗೆ ಹಿಗ್ಗುತ್ತದೆ. ಮೂರನೆಯದು ರಿಬ್: ನಿಟ್ ಪರ್ಲ್‌ಗಳು ಸಾಲು ಬಿಟ್ಟು ಸಾಲಾಗದೆ, ನಿಲುಸಾಲು ಬಿಟ್ಟು ನಿಲುಸಾಲಾಗಿ ಬರುತ್ತವೆ. ಇಲ್ಲಿ ಮಡಿಕೆಗಳು ನಿಂತುಕೊಳ್ಳುತ್ತವೆ. ಬಟ್ಟೆ ಹಾರ್ಮೋನಿಯಮ್ಮಿನ ತಿದಿಯಂತೆ ಅಗಲದಲ್ಲಿ ಮುದುಡುತ್ತದೆ. ಸ್ವೆಟರಿನ ತೋಳಿನ ಕೊನೆ, ಕುತ್ತಿಗೆ, ಸೊಂಟಗಳಿಗೆ ಇದನ್ನೇ ಬಳಸುವ ಪದ್ಧತಿಗೆ ಕಾರಣ ಈಗ ವಾಚಕರಿಗೆ ಸ್ಪಷ್ಟವಾಗಿರಬೇಕು.

ಇದು ಕೇವಲ ಮನೆಯವರ ವಿನೋದವೆಂದು ಭಾವಿಸುವವರಿಗೆ ಒಂದು ಮಾತು. ಕುಣಿಕೆಯ ನೂಲಿನ ಉದ್ದ ಮಾರ್ಪಡದು, ಶಕ್ತಿ ಸಂಚಯವಾಗುವುದು ಬಾಗಿನಲ್ಲಿ ಎಂಬ ಆಧಾರದ ಮೇಲೆ ಹೆಣೆದ ಬಟ್ಟೆಯ ಸ್ಥಿತಿಸ್ಥಾಪಕತೆಯನ್ನು ಫ್ರಾನ್ಸ್ ದೇಶದ ಭೌತವಿಜ್ಞಾನಿಗಳು ಗಣಿಸಿ ಪ್ರಕಟಿಸಿದ್ದು 2018ರಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಎಲಿಸಬೆಟ್ಟಾ ಮ್ಯಾಟ್ಸುಮೊಟೊ ಮತ್ತು ಸಂಗಡಿಗರು ಸ್ಟಾಕಿಂಗ್, ಗಾರ್ಟರ್, ರಿಬ್ ಹಾಗೂ ನಿಟ್ ಪರ್ಲ್‌ಗಳು ಚದುರಂಗದ ಮನೆಗಳಂತೆ ಬರುವ ಸೀಡ್ ಎಂಬ ನಾಲ್ಕು ಹೆಣಿಗೆಗಳನ್ನು ಹೋಲಿಸಿ, ಕುಣಿಕೆಗಳ ಜೋಡಣೆಯೊಂದರಿಂದಲೇ ಅವುಗಳ ಹಿಗ್ಗುವಿಕೆ ಹೇಗೆ ಬೇರೆಯಾಗುತ್ತದೆಂಬುದನ್ನು ತೋರಿಸಿದ್ದು 2024ರಲ್ಲಿ. ವಿಲಿಯಂ ಲೀ ಎಂಬಾತ ಇಂಗ್ಲೆಂಡಿನಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದ್ದು 1589ರಲ್ಲಿ. ಬೆರಳುಗಳು ಅದಕ್ಕೂ ಶತಮಾನಗಳ ಹಿಂದೆಯೇ ಇದನ್ನು ಬಲ್ಲವಾಗಿದ್ದವು.

ಸ್ಥಿತಿಸ್ಥಾಪಕತೆಯ ಜೊತೆಗೆ ಘರ್ಷಣೆಯನ್ನೂ ಗಣಿಸಬೇಕು. ಕುಣಿಕೆಗಳು ಒಂದನ್ನೊಂದು ಮುಟ್ಟುವಲ್ಲೆಲ್ಲ ನೂಲು ನೂಲಿಗೆ ಉಜ್ಜುತ್ತದೆ. ಆದುದರಿಂದ ಎಳೆದು ಬಿಟ್ಟ ಬಟ್ಟೆ ಮೊದಲಿನ ಅಳತೆಗೆ ಪೂರ್ತಿಯಾಗಿ ಮರಳದೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ನೀರಿನಲ್ಲಿ ನೆನೆಸಿ ಮೆಲ್ಲಗೆ ಅಲುಗಿಸಿದರೆ ಕುಣಿಕೆಗಳು ಜಾರಿ ತಮ್ಮ ನೆಲೆಗೆ ಹೋಗುತ್ತವೆ. ಹೆಣೆದ ತುಂಡನ್ನು ತೊಳೆದು ಒಣಗಿಸಿದ ಮೇಲೆಯೇ ಅಳೆಯಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿ. ನೂಲಿನ ಹುರಿಗೂ ಒಂದು ಪಾತ್ರವುಂಟು: ಒಂಟಿ ಎಳೆಯ ನೂಲು ತನ್ನ ಹುರಿ ಬಿಚ್ಚಿಕೊಳ್ಳಲು ನೋಡುವುದರಿಂದ ಕುಣಿಕೆಗಳು ಓರೆಯಾಗುತ್ತವೆ. ಅಗ್ಗದ ಟೀ ಶರ್ಟಿನ ಪಕ್ಕದ ಹೊಲಿಗೆ ಕೆಲವು ಒಗೆತಗಳ ನಂತರ ಹೊಟ್ಟೆಯ ಮೇಲೆ ಬಂದು ಕೂರುವುದನ್ನು ಯಾರು ಕಂಡಿಲ್ಲ? ಎರಡು ಎಳೆಗಳನ್ನು ವಿರುದ್ಧ ದಿಕ್ಕಿನಲ್ಲಿ ಒಟ್ಟಿಗೆ ಹುರಿಗೊಳಿಸಿದ ನೂಲಿನಲ್ಲಿ ಈ ತೊಂದರೆ ಕಡಮೆ.

ಜೋಡಣೆಯೇ ಮುಖ್ಯವೆಂದ ಮಾತ್ರಕ್ಕೆ ನೂಲು ಯಾವುದಾದರೂ ಆದೀತೆಂದಲ್ಲ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆ ಅನೇಕ ಸಲ ಅಕ್ರಿಲಿಕ್ ಆಗಿರುತ್ತದೆ. ಒಂದು ತುಣುಕನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ಉರಿಗೆ ತಾಗಿಸಿದರೆ ನಿಜ ತಿಳಿಯುತ್ತದೆ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೇಗ ಆರಿ, ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದುದರಿಂದ ಬಿಸಿ ಪಾತ್ರೆಯ ಕೆಳಗಿಡುವ ಹಾಸಿಗೆ ಅಕ್ರಿಲಿಕ್ ಎಂದೂ ಸಲ್ಲದು. ಹತ್ತಿ ಭಾರ, ಬಾಗಿದ್ದು ಮರಳುವುದೂ ಕಡಮೆ. ಕೈ ಒರೆಸುವ ಬಟ್ಟೆಗೆ ಅದು ಒಳ್ಳೆಯದು, ತೂಗುಹಾಕುವ ಚೀಲಕ್ಕೆ ಗಾರ್ಟರ್ ಹೆಣಿಗೆಯಲ್ಲಂತೂ ಬೇಡ, ನೆಲ ಮುಟ್ಟೀತು. ದಿಂಬಿನ ಗವಸನ್ನು ದಿಂಬಿಗಿಂತ ತುಸು ಚಿಕ್ಕದಾಗಿಯೇ ಹೆಣೆಯಬೇಕು. ಹಿಗ್ಗಿ ಕೂತಾಗ ಅದರ ಮೈ ಸಮವಾಗಿರುತ್ತದೆ.

ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಹುರುಪೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೆ ಬಾಗಿ. ಹೀಗಾಗಿ ಎಳೆ ಒಂದು ದಿಕ್ಕಿಗೆ ಸುಲಭವಾಗಿ ಜಾರುತ್ತದೆ, ಇನ್ನೊಂದು ದಿಕ್ಕಿಗೆ ಜಾರುವುದಿಲ್ಲ. ಬಿಸಿ ಸಾಬೂನು ನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದರೊಳಗೊಂದು ನುಗ್ಗಿ ಹಿಂದಕ್ಕೆ ಬರಲಾರದೆ ಗಂಟಾಗುತ್ತವೆ. ನಾವು ವಿದ್ಯಾರ್ಥಿಯಾಗಿದ್ದಾಗ ಒಂದು ಉಣ್ಣೆಯ ಟೋಪಿಯನ್ನು ಹೀಗೆ ಒಗೆದು, ಅದು ತೆಂಗಿನಕಾಯಿಗೆ ಮಾತ್ರ ಆಗುವಂತಾಯಿತು. ಇದೇ ತಪ್ಪನ್ನು ತಿಳಿದು ಮಾಡಿದರೆ ಕುಣಿಕೆಗಳೇ ಕಾಣದ ದಪ್ಪನೆಯ ಹಾಸು ಸಿಗುತ್ತದೆ. ಬಿಸಿ ಪಾತ್ರೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ತಾಯಿಯವರ ಹೊದಿಕೆಗೆ ಮರಳೋಣ. ಮೂರು ತುಂಡುಗಳನ್ನೂ ತೊಳೆದು, ಒಣಗಿಸಿ, ಎಳೆಯದೆ ಅಳೆದೆವು. ಸ್ಟಾಕಿಂಗ್‌ನಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ, ರಿಬ್‌ನಲ್ಲಿ 28. ಆದುದರಿಂದ 15 ಸೆಂಟಿಮೀಟರಿಗೆ ರಿಬ್‌ನಲ್ಲಿ 42 ಕುಣಿಕೆ ಬೇಕು. ಗಾರ್ಟರ್‌ನಲ್ಲಿ ಕುಣಿಕೆ 30 ಇದ್ದರೆ ಸಾಕು, ಸಾಲು ಮಾತ್ರ 40ರ ಬದಲು 60. ಈ ಲೆಕ್ಕವನ್ನು ನಾವು ಕಾಗದದ ಮೇಲೆ ಬರೆದು ಕೊಡುವಷ್ಟರಲ್ಲಿ ಅವರು 60 ಸಾಲುಗಳ ಒಂದು ಚೌಕವನ್ನು ಹೆಣೆದು ಮುಗಿಸಿದ್ದರು. "ಗಾರ್ಟರ್‌ಗೆ ಕುಣಿಕೆಯ ಎರಡರಷ್ಟು ಸಾಲು ಅಂತ ನಮ್ಮಮ್ಮ ಹೇಳ್ತಿದ್ದಳು, ಮರೆತೇಹೋಗಿತ್ತು ನೋಡು" ಎಂದರು. ಸ್ಟಾಕಿಂಗ್ ಚೌಕಗಳ ಅಂಚು ಸುತ್ತಿಕೊಳ್ಳುವುದಕ್ಕೆ ಲೆಕ್ಕದಿಂದ ಪರಿಹಾರವಿರಲಿಲ್ಲ. ನಾಲ್ಕು ಕಡೆಯೂ ಗಾರ್ಟರ್ ಚೌಕಗಳಿಗೆ ಸೇರಿಸಿ ಹೊಲಿದಾಗ ನೆರೆಯವುಗಳ ಹಿಡಿತದಲ್ಲಿ ಅವು ತಾವಾಗಿ ಮಟ್ಟಸವಾದವು. ಹೊದಿಕೆಯನ್ನು ಒಗೆದಾಗ ಹಗ್ಗದ ಮೇಲೆ ಹಾಕದೆ ಚಾಪೆಯ ಮೇಲೆ ಹರಡಿ ಒಣಗಿಸಬೇಕೆಂದು ಮೊಮ್ಮಗಳಿಗೆ ತಾಕೀತು ಮಾಡಿದ್ದಾರೆ. ಉಣ್ಣೆ ಹೀರಿದ ನೀರಿನ ತೂಕ ಕುಣಿಕೆಗಳನ್ನು ಉದ್ದಕ್ಕೆ ಎಳೆಯುತ್ತದೆ; ಒಣಗಿದ ಮೇಲೆ ಘರ್ಷಣೆ ಅವನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ.