ವಾಯ್ಡ್ ಮಾಡೋಕೆ ಸೂಪರ್‌ವೈಸರ್ ಬರ್ಬೇಕು ಮೇಡಂ

ಮೈಸೂರಿನ ದಟ್ಟಗಳ್ಳಿಯವರು ತಿಂಗಳ ದಿನಸಿಗೆಂದು ಪೇಟೆಗೆ ಹೋಗುವುದು ಈಗ ಕಡಿಮೆ. ರಿಂಗ್ ರಸ್ತೆ ಹಿಡಿದರೂ, ಕನಕದಾಸನಗರದ ಕಡೆ ತಿರುಗಿದರೂ, ರಾಮಕೃಷ್ಣನಗರದ ಆಂದೋಲನ ಸರ್ಕಲ್ ದಾಟಿದರೂ ಒಂದಲ್ಲ ಒಂದು ಸೂಪರ್‌ಮಾರ್ಕೆಟ್ ಸಿಗುತ್ತದೆ. ಒಂದರಲ್ಲಿ ತರಕಾರಿ ಚೆನ್ನ, ಇನ್ನೊಂದರಲ್ಲಿ ಬೇಳೆ ಅಗ್ಗ, ಮತ್ತೊಂದರಲ್ಲಿ ಗಾಡಿ ನಿಲ್ಲಿಸಲು ಜಾಗವಿದೆ ಎಂದು ನಮ್ಮ ಬೀದಿಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ನನ್ನ ಲೆಕ್ಕ ಬೇರೆ. ಬಿಲ್ಲಿನಲ್ಲಿ ಇಪ್ಪತ್ತು ರೂಪಾಯಿ ತಪ್ಪಾಗಿ ಸೇರಿಕೊಂಡರೆ ಅದನ್ನು ತೆಗೆಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ನಾನು ಅಂಗಡಿ ಆರಿಸುತ್ತೇನೆ. ನಗುಮುಖ, ನಮಸ್ಕಾರ, ಎ.ಸಿ. ಗಾಳಿ ಎಲ್ಲವೂ ಸರಕಿನ ಬೆಲೆಯಲ್ಲೇ ಸೇರಿರುತ್ತವೆ. ತಪ್ಪು ತಿದ್ದಬೇಕಾಗಿ ಬಂದಾಗ ಮಾತ್ರ ಅಂಗಡಿಯವರ ಕೈಯಿಂದ ಕಾಸು ಹೋಗುತ್ತದೆ. ಬಂಡವಾಳ ಬಯಲಾಗುವುದು ಅಲ್ಲಿ.

ತಿಂಗಳ ಮೊದಲ ವಾರದ ಒಂದು ಭಾನುವಾರ ಸಂಜೆ ಹೇಳುತ್ತೇನೆ. ಎಲ್ಲರ ಕೈಯಲ್ಲೂ ಸಂಬಳದ ಬಿಸಿ, ನಾಲ್ಕು ಕೌಂಟರಿನಲ್ಲಿ ತೆರೆದಿದ್ದವು ಎರಡೇ. ತೊಗರಿಬೇಳೆಯ ಮುಂದೆ ಅಂಟಿಸಿದ್ದ ಹಳದಿ ಚೀಟಿಯಲ್ಲಿ 139 ರೂಪಾಯಿ ಇತ್ತು. ಕೌಂಟರಿನ ಪರದೆಯ ಮೇಲೆ 158 ಬಂತು.

"ಅಲ್ಲಿ ಬೇರೆ ರೇಟ್ ಹಾಕಿದೀರಲ್ಲಮ್ಮ?"

"ಸಿಸ್ಟಮ್‌ನಲ್ಲಿ ಹಿಂಗೇ ಬರ್ತಿದೆ ಮೇಡಂ."

"ಹಾಗಾದ್ರೆ ಬೇಳೆ ತೆಗೆದುಬಿಡು."

"ನಾನು ತೆಗೆಯೋಕಾಗಲ್ಲ ಮೇಡಂ. ವಾಯ್ಡ್ ಮಾಡೋಕೆ ಸೂಪರ್‌ವೈಸರ್ ಬರ್ಬೇಕು."

ಸೂಪರ್‌ವೈಸರ್ ಮೇಲಿನ ಮಹಡಿಯಲ್ಲಿದ್ದರು. ಹುಡುಗಿ ಕೂಗಿದಳು, ಪಕ್ಕದವಳು ಕೂಗಿದಳು, ಪ್ಯಾಕಿಂಗ್ ಹುಡುಗ ಓಡಿದ. ನನ್ನ ಹಿಂದಿದ್ದವರು ಮೊದಲು ಬೇಳೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಗು ಎತ್ತಿಕೊಂಡಿದ್ದ ಒಬ್ಬರು, "ಹೋಗ್ಲಿ ಬಿಡಿ ಆಂಟಿ, ಹತ್ತೊಂಬತ್ತು ರೂಪಾಯಿ ತಾನೆ" ಎಂದೇ ಬಿಟ್ಟರು.

ಆ ಹತ್ತೊಂಬತ್ತು ರೂಪಾಯಿಯನ್ನು ಕೊಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ ಎನ್ನುವುದನ್ನು ಗಮನಿಸಿ. ಕೊನೆಗೆ ಬಂದ ಸೂಪರ್‌ವೈಸರ್ ಮರುಮಾತಿಲ್ಲದೆ ಪಾಸ್‌ವರ್ಡ್ ಒತ್ತಿ ಸರಿ ಮಾಡಿದರು. ಅಷ್ಟರವರೆಗೆ ಹಣ ನನ್ನ ಕೈಗೆ ಬಾರದಂತೆ ತಡೆದಿದ್ದು ಹಿಂದೆ ನಿಂತವರ ಅವಸರ. ಅಂಗಡಿ ಜಗಳವಾಡಬೇಕಿಲ್ಲ, ಸಾಲೇ ಅದರ ಪರವಾಗಿ ವಾದ ಮಾಡುತ್ತದೆ. ತಿಂಗಳಿಗೆ ಎಂಟು ಸಾವಿರದ ದಿನಸಿ ತರುವ ಮನೆಯಲ್ಲಿ ನೂರಕ್ಕೆ ಒಂದು ರೂಪಾಯಿ ಹೀಗೆ ಸೋರಿದರೂ ವರ್ಷಕ್ಕೆ 960 ರೂಪಾಯಿ. ಒಂದು ಲೀಟರ್ ನಂದಿನಿ ತುಪ್ಪ ಬಂದು ಮೇಲೆ ಉಳಿಯುತ್ತದೆ.

ಚೀಟಿಗೂ ಪರದೆಗೂ ಹೀಗೆ ವ್ಯತ್ಯಾಸ ಬರುವುದು ಸಾಮಾನ್ಯವಾಗಿ ಮೋಸದಿಂದಲ್ಲ. ಪೊಟ್ಟಣದ ಮೇಲಿನ ಬಾರ್‌ಕೋಡ್‌ನಲ್ಲಿ ಬೆಲೆ ಇರುವುದೇ ಇಲ್ಲ. ನಮ್ಮ ದೇಶದಲ್ಲಿ ನೋಂದಾಯಿಸಿದ ಕಂಪನಿಗಳ ಸರಕಿನ ಮೇಲೆ 890ರಿಂದ ಶುರುವಾಗುವ ಹದಿಮೂರು ಅಂಕಿ ಇರುತ್ತವೆ, ಅದು ವಸ್ತುವಿನ ಗುರುತಿನ ಸಂಖ್ಯೆ ಮಾತ್ರ. ಅಮೆರಿಕದ ಒಹಾಯೊದಲ್ಲಿ 1974ರ ಜೂನ್ 26ರಂದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಬಾರಿ ಸ್ಕ್ಯಾನರ್ ಹಾಯಿಸಿದಾಗಿನಿಂದಲೂ ಕ್ರಮ ಅದೇ. ಸಂಖ್ಯೆ ಪೊಟ್ಟಣದ ಮೇಲೆ, ಬೆಲೆ ಕಂಪ್ಯೂಟರಿನಲ್ಲಿ. ಕಂಪ್ಯೂಟರಿನ ಬೆಲೆಯನ್ನು ಮುಖ್ಯ ಕಚೇರಿ ರಾತ್ರೋರಾತ್ರಿ ಬದಲಿಸಬಹುದು. ಹಳದಿ ಚೀಟಿಯನ್ನು ಕಿತ್ತು ಹೊಸದು ಅಂಟಿಸಲು ಮಾತ್ರ ಮನುಷ್ಯರೇ ಬೇಕು, ಅವರು ಆಗ ಅಕ್ಕಿ ಮೂಟೆ ಇಳಿಸುತ್ತಿರುತ್ತಾರೆ. ಆಫರ್ ಭಾನುವಾರಕ್ಕೆ ಮುಗಿದು ಚೀಟಿ ಬುಧವಾರದವರೆಗೆ ನೇತಾಡುವುದು ಹೀಗೆ. ಮೋಸವಲ್ಲ ಎಂದ ಮಾತ್ರಕ್ಕೆ ಆ ನಷ್ಟ ನಾವು ಹೊರಬೇಕಿಲ್ಲ. ಬೆಲೆಯ ವಿಚಾರದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡಬಹುದು.

ಹುಡುಗಿಯ ವಿಷಯಕ್ಕೆ ಬರೋಣ. ಇಂಥ ಅಂಗಡಿಗಳ ಕೌಂಟರಿನಲ್ಲಿ ಕೂರುವ, ತಪ್ಪಿತು, ನಿಲ್ಲುವ ಹುಡುಗಿಯರು ಬಹಳ ಮಂದಿ ಜಯಪುರ, ಎಚ್.ಡಿ. ಕೋಟೆ ಕಡೆಯಿಂದ ಬೆಳಿಗ್ಗೆ ಬಸ್ಸಿಗೆ ಬರುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳಿಯಿತು, ಅದೇ ಒಂದು ಸಂಬಳ ಏರಿಕೆಯ ಹಾಗಾಯಿತು ಎಂದು ಪರಿಚಯದ ಹುಡುಗಿಯೊಬ್ಬಳು ಹೇಳಿದ್ದಳು. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ರಾತ್ರಿಯ ಲೆಕ್ಕದ ಬಗ್ಗೆಯೂ ಅವಳೇ ಹೇಳಿದಳು. ಬಾಗಿಲು ಹಾಕಿದ ಮೇಲೆ ಗಲ್ಲಾದ ದುಡ್ಡಿಗೂ ಸಿಸ್ಟಮ್ಮಿನ ಮೊತ್ತಕ್ಕೂ ತಾಳೆ ಹಾಕುತ್ತಾರೆ. ಹೆಚ್ಚಿದ್ದರೆ ಅಂಗಡಿಗೆ, ಕಡಿಮೆ ಇದ್ದರೆ 'ಶಾರ್ಟೇಜ್' ಎಂದು ಇವಳ ಹೆಸರಿಗೆ. ನೌಕರರ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ, ಅದೂ ಅವರ ಮಾತು ಕೇಳಿದ ಮೇಲೆ ಮಾತ್ರ, ಸಂಬಳದಲ್ಲಿ ಹಿಡಿದುಕೊಳ್ಳಬಹುದು ಎಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೆ. ರಾತ್ರಿ ಕೊನೆಯ ಬಸ್ಸು ಹಿಡಿಯಬೇಕಾದವಳು ಕಾಯ್ದೆಯ ಸೆಕ್ಷನ್ ಹೇಳುತ್ತಾ ನಿಲ್ಲುತ್ತಾಳೆಯೆ? ಕುರ್ಚಿಗಂತೂ ನೆರೆಯ ರಾಜ್ಯಗಳಲ್ಲಿ ಕಾನೂನೇ ಬರಬೇಕಾಯಿತು. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕೇರಳದ ತಿದ್ದುಪಡಿಯ ಹಿಂದೆ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳ ವರ್ಷಗಳ ಹೋರಾಟವಿತ್ತು.

ಶಾರ್ಟೇಜಿನ ವಿಷಯ ತಿಳಿದ ಮೇಲೆ ಕೌಂಟರಿನಲ್ಲಿ ಕೇಳುವ ಕ್ರಮ ಬದಲಿಸಿಕೊಂಡೆ. ಮೊದಲನೆಯದಾಗಿ, ದುಡ್ಡು ಕೊಡುವ ಮುಂಚೆ ಕೇಳಬೇಕು. ಅದಕ್ಕೆ ಮುಂಚೆ ಆದರೆ ವಾಯ್ಡ್, ಒಂದು ಪಾಸ್‌ವರ್ಡಿನ ಕೆಲಸ. ಆಮೇಲಾದರೆ ರೀಫಂಡ್, ಅದಕ್ಕೆ ಮ್ಯಾನೇಜರ್ ಸಹಿ, ಪುಸ್ತಕದಲ್ಲಿ ನಮೂದು, ಕೆಲವು ಕಡೆ ನಗದಿನ ಬದಲು ಕ್ರೆಡಿಟ್ ಚೀಟಿ. ಆಫರ್ ಇರುವ ಸಾಮಾನುಗಳನ್ನು ಬೇರೆಯಾಗಿ ಕೊನೆಗೆ ಇಡುತ್ತೇನೆ, ಅವು ಬರುವಾಗ ಪರದೆ ನೋಡಿದರೆ ಸಾಕು. ಚೀಟಿಯ ಫೋಟೊ ಫೋನಿನಲ್ಲಿ ಇರುತ್ತದೆ. ಹೀಗೆ ಮಾಡಿದರೆ ಹುಡುಗಿಗೂ ಸಲೀಸು, ಏಕೆಂದರೆ ಅವಳ ಗಲ್ಲಾ ಇನ್ನೂ ತೆರೆದಿರುವುದಿಲ್ಲ. ಸಾಧ್ಯವಾದರೆ ವಾರದ ಮಧ್ಯೆ, ಊಟದ ಹೊತ್ತಿಗೆ ಹೋಗುತ್ತೇನೆ. ಹಿಂದೆ ಯಾರೂ ಇಲ್ಲದಾಗ ಹತ್ತೊಂಬತ್ತು ರೂಪಾಯಿ ಕೇಳುವುದಕ್ಕೆ ನಾಚಿಕೆಯೂ ಇಲ್ಲ.

ಬಿಲ್ಲಿನ ಕೊನೆಯಲ್ಲಿ ದಪ್ಪಕ್ಷರದಲ್ಲಿ 'ನೀವು ಉಳಿಸಿದ್ದು' ಎಂದೊಂದು ಸಾಲು ಬರುತ್ತದೆ. ನಮ್ಮ ಮನೆಯವರಿಗೆ ಅದನ್ನು ಜೋರಾಗಿ ಓದುವುದೆಂದರೆ ಪ್ರೀತಿ. ಇದು ಎಂಆರ್‌ಪಿಯಿಂದ ಕಳೆದು ತೋರಿಸುವ ಮೊತ್ತ. ಹೆಸರಾಂತ ಕಂಪನಿಯ ಸೋಪಿನ ವಿಷಯದಲ್ಲಿ ಇದಕ್ಕೆ ಅರ್ಥವಿದೆ, ಬೇರೆ ಅಂಗಡಿಯಲ್ಲೂ ಅದೇ ಎಂಆರ್‌ಪಿ ಇರುತ್ತದೆ. ಅಂಗಡಿಯವರೇ ತಮ್ಮ ಹೆಸರಿನಲ್ಲಿ ಪ್ಯಾಕ್ ಮಾಡಿಸಿದ ಬೇಳೆ, ಗೋಡಂಬಿ, ಒಣಮೆಣಸಿನಕಾಯಿಯ ಎಂಆರ್‌ಪಿ ಹಾಕಿಸುವವರು ಯಾರು? ಅವರೇ. 240 ಎಂದು ಅಚ್ಚು ಹಾಕಿಸಿ 165ಕ್ಕೆ ಕೊಟ್ಟು 75 ಉಳಿಸಿದಿರಿ ಎಂದರೆ, ಆ 240ಕ್ಕೆ ಅದನ್ನು ಕೊಂಡವರು ಯಾರೂ ಇರಲಾರರು. ನಾನು ಆ ಸಾಲು ಬಿಟ್ಟು ಪೊಟ್ಟಣದ ಮೇಲೆ ಗ್ರಾಂಗೆ ಅಥವಾ ಕಿಲೋಗೆ ಇಷ್ಟು ಎಂದು ಸಣ್ಣದಾಗಿ ಅಚ್ಚಾಗಿರುವ ದರ ನೋಡುತ್ತೇನೆ. ಆ ದರವೂ ಎಂಆರ್‌ಪಿಯದೇ ಆದ್ದರಿಂದ ಮಾರುವ ಬೆಲೆಗೆ ಮನಸ್ಸಿನಲ್ಲೇ ಮತ್ತೊಮ್ಮೆ ಭಾಗಿಸಬೇಕು. ಎರಡು ಅಳತೆಯ ಪೊಟ್ಟಣಗಳಲ್ಲಿ ದೊಡ್ಡದೇ ದುಬಾರಿಯಾಗಿರುವುದು ಆಗೀಗ ಕಣ್ಣಿಗೆ ಬೀಳುತ್ತದೆ.

ಕೌಂಟರುಗಳಿಗೆ ನಿಜವಾದ ಪರೀಕ್ಷೆ ಬಂದದ್ದು 2025ರ ಸೆಪ್ಟೆಂಬರ್ 22ರಂದು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ ಅಂದಿನಿಂದ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆಯದು ಶೇ 12ರಿಂದ ಶೇ 5ಕ್ಕೆ. ತೆರಿಗೆ ಸೇರಿ 118 ರೂಪಾಯಿ ಇದ್ದ ಶಾಂಪೂ ಲೆಕ್ಕದ ಪ್ರಕಾರ 105 ಆಗಬೇಕಿತ್ತು. ಅಂದು ಪೊಟ್ಟಣದ ಮೇಲೆ ಇನ್ನೂ ಹಳೆಯ ಎಂಆರ್‌ಪಿ, ಶೆಲ್ಫಿನ ಮೇಲೆ ಹಳೆಯ ಚೀಟಿ, ಸಿಸ್ಟಮ್ಮಿನಲ್ಲಿ ಮಾತ್ರ ಹೊಸ ಬೆಲೆ. ನನ್ನ ಮುಂದಿದ್ದ ಹಿರಿಯರೊಬ್ಬರು ಬಿಲ್ ಕಡಿಮೆ ಬಂದಿತೆಂದು ತಕರಾರು ತೆಗೆದರು. "ಏನೋ ಬಿಟ್ಟುಹೋಗಿದೆ, ಸರಿಯಾಗಿ ನೋಡಮ್ಮ, ಆಮೇಲೆ ಬಾಗಿಲಲ್ಲಿ ನನ್ನನ್ನ ಹಿಡೀತಾರೆ" ಎಂದು. ಕೌಂಟರಿನ ಹುಡುಗಿ ನಗುತ್ತಾ ಮತ್ತೆ ಎಣಿಸಿ ತೋರಿಸಬೇಕಾಯಿತು. ನಂದಿನಿ ತುಪ್ಪ ಆಗ ಲೀಟರಿಗೆ 650ರಿಂದ 610ಕ್ಕೆ ಇಳಿದು, ನವೆಂಬರಿನಲ್ಲಿ 700ಕ್ಕೆ ಏರಿತು. ಆ ಏರಿಕೆಗೆ ಚೀಟಿಗಳು ಎಷ್ಟು ಚುರುಕಾಗಿ ಬದಲಾದವು ಎಂದರೆ, ಚೀಟಿ ಬದಲಿಸಲು ಹುಡುಗರ ಕೊರತೆ ಇದೆ ಎಂಬ ಮಾತನ್ನು ನಾನು ಆಮೇಲೆ ಅಷ್ಟಾಗಿ ನಂಬಿಲ್ಲ.

ಯುಪಿಐ ಬೇರೆಯೇ ಪೀಕಲಾಟ. ಒಮ್ಮೆ ನನ್ನ ಖಾತೆಯಿಂದ ಹಣ ಹೋಯಿತು, ಕೌಂಟರಿನ ಯಂತ್ರಕ್ಕೆ ಬರಲಿಲ್ಲ. "ನಮಗೆ ಬಂದಿಲ್ಲ ಮೇಡಂ" ಎಂದಳು ಹುಡುಗಿ. ನಾನು ಬ್ಯಾಂಕಿನ ಸಂದೇಶ ತೋರಿಸಿದೆ. ಅವಳು ತನ್ನ ಪರದೆ ತೋರಿಸಿದಳು. ಇಬ್ಬರೂ ಹೇಳುತ್ತಿದ್ದುದು ನಿಜವೇ. ಬೇಳೆಯ ವಿಷಯದಲ್ಲಿ ಪಟ್ಟು ಹಿಡಿಯುವ ನಾನು ಇಲ್ಲಿ ಹಿಡಿಯಲಿಲ್ಲ. ಸುಮ್ಮನೆ ನಗದು ಕೊಟ್ಟು, ವಹಿವಾಟಿನ ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಂಡು ಬಂದೆ. ಕಾರಣ, ಈ ತಪ್ಪು ತಿದ್ದುವ ಅಧಿಕಾರ ಅಂಗಡಿಯ ಒಳಗೆ ಯಾರಿಗೂ ಇಲ್ಲ, ಸೂಪರ್‌ವೈಸರಿಗೂ ಇಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಅಂಗಡಿಗೆ ತಲುಪದ ಯುಪಿಐ ಹಣ ವಹಿವಾಟಿನ ದಿನದ ನಂತರ ಐದು ದಿನದೊಳಗೆ ತಾನಾಗಿ ವಾಪಸು ಬರಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ಕೇಳದಿದ್ದರೂ ಸಲ್ಲಬೇಕು. ನನ್ನದು ಗಡುವಿನೊಳಗೇ ಬಂತು, ನೂರು ರೂಪಾಯಿಯ ಆಸೆ ಈಡೇರಲಿಲ್ಲ.

ಇನ್ನು ಫೋನ್ ನಂಬರು. ಕೊಡುವುದಿಲ್ಲ ಎಂದರೆ "ಬಿಲ್ ಓಪನ್ ಆಗಲ್ಲ" ಎನ್ನುತ್ತಾರೆ. ನಂಬರು ಕೊಡದವರಿಗೆ ಮಾರಾಟ ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇನಲ್ಲಿ ಹೇಳಿದ ಮೇಲೂ ಇದು ನಿಂತಿಲ್ಲ. "ನಂಬರ್ ಇಲ್ಲದೇ ಹಾಕಮ್ಮ" ಎಂದು ಮೆತ್ತಗೆ ಎರಡನೇ ಸಲ ಹೇಳಿ ನೋಡಿ, ಬಿಲ್ ಓಪನ್ ಆಗುತ್ತದೆ. ಚೀಲಕ್ಕೂ ದುಡ್ಡು ಹಾಕುತ್ತಾರೆ, ಕೈಚೀಲ ಮನೆಯಿಂದಲೇ ಒಯ್ಯಿರಿ. ಬಾಗಿಲಲ್ಲಿ ಬಿಲ್ಲಿಗೆ ಮುದ್ರೆ ಒತ್ತುವ ಸೆಕ್ಯೂರಿಟಿಯವರು ನಾವು ಹೆಚ್ಚು ತೆಗೆದುಕೊಂಡು ಹೋಗುತ್ತಿಲ್ಲವೇ ಎಂದು ನೋಡುತ್ತಾರೆ. ನಾವು ಹೆಚ್ಚು ಕೊಟ್ಟಿದ್ದೇವೆಯೇ ಎಂದು ನೋಡಲು ಯಾರನ್ನೂ ನೇಮಿಸಿಲ್ಲ.

ದೂರು ಕೊಡಲು ದಾರಿಗಳಿಲ್ಲ ಎಂದಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ, ಎರಡು ವರ್ಷದವರೆಗೆ ಅವಕಾಶ. ಚೀಲಕ್ಕೆ 20 ರೂಪಾಯಿ ತೆಗೆದುಕೊಂಡ ಐಕಿಯಾ ಮಳಿಗೆ ಆ ಹಣದ ಜತೆಗೆ ಪರಿಹಾರ ಮತ್ತು ಖರ್ಚೆಂದು 3,000 ರೂಪಾಯಿ ಕೊಡಬೇಕೆಂದು 2023ರಲ್ಲಿ ಬೆಂಗಳೂರಿನ ಆಯೋಗ ಆದೇಶಿಸಿತ್ತು. ಖರೀದಿ ನಡೆದದ್ದು 2022ರ ಅಕ್ಟೋಬರಿನಲ್ಲಿ, ಆದೇಶ ಬಂದದ್ದು ಸುಮಾರು ಒಂದು ವರ್ಷದ ನಂತರ. ಹತ್ತೊಂಬತ್ತು ರೂಪಾಯಿಗೆ ಅಷ್ಟು ದೂರ ಹೋಗುವವರು ಅಪರೂಪ, ಹೋಗಬೇಕೆಂದು ನಾನೂ ಹೇಳುವುದಿಲ್ಲ. ಬಿಲ್ಲಿನ ಅಕ್ಷರ ಮಾಸಿಹೋಗುವ ಕಾಗದದ ಮೇಲಿರುತ್ತದೆ, ದೊಡ್ಡ ಮೊತ್ತದ್ದಾದರೆ ಅಂದೇ ಫೋಟೊ ತೆಗೆದಿಡಿ ಎಂದಷ್ಟೇ ಹೇಳುತ್ತೇನೆ.

ಟೊರೊಂಟೊದಲ್ಲಿರುವ ನನ್ನ ತಮ್ಮನ ಹೆಂಡತಿ ಅಲ್ಲಿನ ಪದ್ಧತಿ ಹೇಳಿದಾಗ ಹೊಟ್ಟೆಕಿಚ್ಚಾಯಿತು. ಕೆನಡಾದ ದೊಡ್ಡ ಅಂಗಡಿಗಳು 2002ರಲ್ಲಿ ತಾವಾಗಿಯೇ ಒಂದು ನಿಯಮ ಒಪ್ಪಿಕೊಂಡವು. ಶೆಲ್ಫಿನ ಬೆಲೆಗಿಂತ ಸ್ಕ್ಯಾನರಿನಲ್ಲಿ ಹೆಚ್ಚು ಬಂದರೆ, ಹತ್ತು ಡಾಲರ್ ಒಳಗಿನ ವಸ್ತು ಪುಕ್ಕಟೆ. ಅದಕ್ಕಿಂತ ದುಬಾರಿಯದಾದರೆ ಹತ್ತು ಡಾಲರ್ ಕಡಿತ. ತಪ್ಪಿನ ಖರ್ಚು ಅಂಗಡಿಯ ತಲೆಗೇ ಬಂದರೆ ಹಳೆಯ ಚೀಟಿ ಕೀಳಲು ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮಲ್ಲಿ ಅಷ್ಟು ಬೇಡ, ನೂರು ರೂಪಾಯಿವರೆಗಿನ ತಪ್ಪನ್ನು ಸೂಪರ್‌ವೈಸರನ್ನು ಕರೆಯದೆ ತಿದ್ದುವ ಅಧಿಕಾರ ಕೌಂಟರಿನ ಹುಡುಗಿಗೇ ಕೊಟ್ಟರೆ ಸಾಕು ಎಂದು ನಾನು ಹೋಗುವ ಅಂಗಡಿಯ ಮ್ಯಾನೇಜರಿಗೆ ಹೇಳಿದೆ. ದುರುಪಯೋಗವಾಗುತ್ತದೆ ಎಂದರು. ಪ್ರತಿ ಕೌಂಟರಿನ ನೆತ್ತಿಯ ಮೇಲೂ ಕ್ಯಾಮೆರಾ ಇದೆ, ರಾತ್ರಿ ಲೆಕ್ಕದಲ್ಲಿ ಐದು ರೂಪಾಯಿ ಕಡಿಮೆಯಾದರೂ ಹಿಡಿಯುತ್ತೀರಿ, ಇನ್ನೇನು ದುರುಪಯೋಗ ಎಂದೆ. ಮುಖ್ಯ ಕಚೇರಿಗೆ ಮೇಲ್ ಹಾಕಿ ಎಂದು ವಿಳಾಸ ಬರೆದುಕೊಟ್ಟರು. ಹಾಕಿದ್ದೇನೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದು ಮರುಕ್ಷಣವೇ ಉತ್ತರ ಬಂತು, ಜತೆಗೆ ವಾರಾಂತ್ಯದ ಆಫರ್‌ಗಳ ಪಟ್ಟಿ.